ನೀರು ನೋಡಿದಿರಿ, ರಕ್ತ ನೋಡಿದಿರಾ?

ಬೆಳಗಿನ ಜಾವ ಮೀನಿನ ಕೊಳದ ದಂಡೆಯ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಇನ್ನೂ ಬಿಸಿಲು ಬಿದ್ದಿಲ್ಲ. ಕೆಲವು ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ. ನೀವು ಏನಂತೀರಿ? ಆಮ್ಲಜನಕ ಕಮ್ಮಿಯಾಗಿದೆ ಅಂತೀರಿ. ಸರಿಯೇ. ರಾತ್ರಿಯಿಡೀ ಪಾಚಿ, ಮೀನು, ತಳದ ಕೆಸರು ಎಲ್ಲವೂ ಸೇರಿ ಇದ್ದ ಆಮ್ಲಜನಕವನ್ನು ಬಳಸಿಕೊಂಡಿವೆ. ಪಾಚಿ ಹೊಸದಾಗಿ ತಯಾರಿಸಬೇಕು ಅಂದರೆ ಬಿಸಿಲು ಬರಬೇಕು. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಕೊಳದಲ್ಲಿ ಆಮ್ಲಜನಕ ತೀರಾ ಕೆಳಗಿರುತ್ತದೆ.

ಆದರೆ ಇನ್ನೊಂದು ಪ್ರಶ್ನೆ ಇದೆ. ಆ ಕೊಳದಲ್ಲಿ ಸಾವಿರಾರು ಮೀನುಗಳಿವೆ. ಎಲ್ಲಕ್ಕೂ ಒಂದೇ ನೀರು. ಮೇಲೆ ಬಂದು ಬಾಯಿ ಬಿಡುತ್ತಿರುವುದು ಐವತ್ತು ಮಾತ್ರ. ಉಳಿದವು ಕೆಳಗೆ ಆರಾಮಾಗಿವೆ. ಈ ಐವತ್ತಕ್ಕೆ ಮಾತ್ರ ಯಾಕೆ ಉಸಿರು ಕಟ್ಟಿತು?

ನೀರು ಎಲ್ಲಕ್ಕೂ ಒಂದೇ ಆದಮೇಲೆ, ವ್ಯತ್ಯಾಸ ಮೀನಿನ ಒಳಗೇ ಇರಬೇಕು ಅಲ್ವಾ? ಬಹಳ ಸಲ ಅದು ರಕ್ತದಲ್ಲಿ ಇರುತ್ತದೆ. ಅದರ ಬಗ್ಗೆ ಮಾತಾಡೋಣ. ಮೀನು ಸಾಕುವವರು ನೀರನ್ನು ಚೆನ್ನಾಗಿ ನೋಡುತ್ತಾರೆ. ಮೈ ನೋಡುತ್ತಾರೆ, ಕಿವಿರು ನೋಡುತ್ತಾರೆ. ರಕ್ತವನ್ನು ಮಾತ್ರ ಯಾರೂ ನೋಡುವುದಿಲ್ಲ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ಗಾಳಿಯಲ್ಲಿ 270 ಮಿಲಿಗ್ರಾಮಿಗೂ ಜಾಸ್ತಿ ಆಮ್ಲಜನಕ ಇರುತ್ತದೆ. 25 ಡಿಗ್ರಿ ಬಿಸಿಯ ಸಿಹಿನೀರು ಹಿಡಿಯಬಲ್ಲಷ್ಟೂ ಹಿಡಿದರೂ ಒಂದು ಲೀಟರಿನಲ್ಲಿ ಇರುವುದು ಸುಮಾರು 8 ಮಿಲಿಗ್ರಾಂ. ಅಂದರೆ ನಾವು ಉಸಿರಾಡುವುದರ ಮೂವತ್ತನೇ ಒಂದು ಪಾಲಿಗಿಂತ ಕಮ್ಮಿಯಲ್ಲಿ ಮೀನು ಬದುಕು ಸಾಗಿಸುತ್ತದೆ. ಅಷ್ಟು ಬಡ ನೀರಿನಿಂದ ಆಮ್ಲಜನಕ ಹೆಕ್ಕಿ ತೆಗೆಯುವುದು ಕೆಂಪು ರಕ್ತಕಣಗಳ ಕೆಲಸ.

ಇನ್ನು ಮೀನಿನಲ್ಲಿ ರಕ್ತ ಎಷ್ಟಿರುತ್ತದೆ? ಬಹುತೇಕ ಸಾಕು ಮೀನುಗಳಲ್ಲಿ ಮೈತೂಕದ ನೂರಕ್ಕೆ ಮೂರರಿಂದ ಐದು ಭಾಗ. ನೂರು ಗ್ರಾಂ ತೂಕದ ಮರಿಯ ಇಡೀ ಮೈಯ ರಕ್ತ ಸೇರಿಸಿದರೂ ಒಂದು ಟೀ ಚಮಚ ತುಂಬಿದರೆ ಹೆಚ್ಚು. ಆ ಚಮಚದಲ್ಲಿ ಅರ್ಧ ಕೆಂಪು ಕಣ ಕಳೆದುಹೋಯಿತು ಅನ್ನಿ. ಹಗಲಲ್ಲಿ, ನೀರಿನಲ್ಲಿ ಆಮ್ಲಜನಕ ಚೆನ್ನಾಗಿರುವಾಗ, ಮೀನು ಹೇಗೋ ನಿಭಾಯಿಸುತ್ತದೆ. ಮೇವು ಕೂಡ ತಿನ್ನಬಹುದು. ಬೆಳಗಿನ ಜಾವ ಮಾತ್ರ ಬಣ್ಣ ಬಯಲಾಗುತ್ತದೆ. ನೀವು ನೀರಿಗೆ ಗಾಳಿ ಬೆರೆಸುವ ಯಂತ್ರ, ಏರೇಟರ್ ಹಾಕುತ್ತೀರಿ, ಮೀನು ಕೆಳಗೆ ಹೋಗುತ್ತದೆ, ಸಮಸ್ಯೆ ಮುಗಿಯಿತು ಅಂದುಕೊಳ್ಳುತ್ತೀರಿ. ಮುಗಿದಿಲ್ಲ.

ರಕ್ತ ಕಮ್ಮಿಯಾಗಲು ಕಾರಣ ಬೇಕಾದಷ್ಟಿವೆ. ಮೇವಿನಲ್ಲಿ ಕೊರತೆ, ಬ್ಯಾಕ್ಟೀರಿಯಾ, ವೈರಸ್. ನಾನು ಈಗ ಹೇಳುವುದು ರಕ್ತದಲ್ಲೇ ಮನೆ ಮಾಡಿಕೊಳ್ಳುವ ಪರಾವಲಂಬಿಗಳ ಬಗ್ಗೆ. ಅವುಗಳಲ್ಲಿ ಮುಖ್ಯವಾದವು ಎರಡು ಗುಂಪು. ಒಂದು, ಚಾವಟಿಯಂಥ ಎಳೆ ಬೀಸುತ್ತ ರಕ್ತದಲ್ಲಿ ಈಜುವ ಒಂಟಿಕೋಶದ ಜೀವಿಗಳು. ಇನ್ನೊಂದು, ರಕ್ತನಾಳದೊಳಗೇ ಬದುಕುವ ಚಪ್ಪಟೆ ಹುಳುಗಳು. ಮೂರನೆಯದೊಂದು ಗುಂಪೂ ಇದೆ, ಕೆಂಪು ಕಣದ ಒಳಗೇ ಹೋಗಿ ಕೂರುವ ಹೀಮೋಗ್ರೆಗರಿನ್‌ಗಳು. ಸ್ಕಾಟ್ಲೆಂಡಿನಲ್ಲಿ ಸಾಕಿದ ಟರ್ಬಟ್ ಮೀನುಗಳಲ್ಲಿ ಇವು ಗೆಡ್ಡೆಯಂಥ ಗಂಟುಗಳಿಗೆ ಕಾರಣವಾದದ್ದು 1970ರ ದಶಕದಲ್ಲಿ ದಾಖಲಾಗಿದೆ. ಬಹುಪಾಲು ಮೀನುಗಳಲ್ಲಿ ಅವು ದೊಡ್ಡ ತೊಂದರೆ ಕೊಡುವುದು ಕಾಣುವುದಿಲ್ಲ. ಅದಕ್ಕೆ ಅವನ್ನು ಇಷ್ಟಕ್ಕೇ ಬಿಡುತ್ತೇನೆ.

ಒಂಟಿಕೋಶದ ಈಜುಗಾರರಲ್ಲಿ ಹೆಸರುವಾಸಿ ಟ್ರಿಪನೊಸೋಮಾ. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಟ್ರಿಪನೊಸೋಮಾ ಅಂದ ಕೂಡಲೇ ಆಫ್ರಿಕಾದ ನಿದ್ರೆ ಕಾಯಿಲೆ, ಅದನ್ನು ಹರಡುವ ತ್ಸೆ ತ್ಸೆ ನೊಣ ನೆನಪಾಗುತ್ತವೆ. ಆದರೆ ಈ ಜೀವಿಯನ್ನು ಮನುಷ್ಯ ಮೊದಲು ಕಂಡದ್ದು ಮೀನಿನ ರಕ್ತದಲ್ಲಿ. 1841ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ವ್ಯಾಲೆಂಟಿನ್ ಎಂಬ ವಿಜ್ಞಾನಿ ಟ್ರೌಟ್ ಮೀನಿನ ರಕ್ತ ನೋಡುತ್ತಿದ್ದಾಗ ಅದರೊಳಗೆ ಏನೋ ಹೊರಳಾಡುತ್ತಿತ್ತು. ಎರಡು ವರ್ಷದ ಮೇಲೆ, 1843ರಲ್ಲಿ, ಗ್ರೂಬಿ ಎಂಬಾತ ಕಪ್ಪೆಯ ರಕ್ತದಲ್ಲಿ ಇಂಥದ್ದೇ ಜೀವಿ ಕಂಡು ಅದಕ್ಕೆ ಟ್ರಿಪನೊಸೋಮಾ ಅಂತ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಬೈರಿಗೆ ಮೈಯದು ಅಂತ. ಮರಕ್ಕೆ ತೂತು ಕೊರೆಯುವ ಬೈರಿಗೆ ತಿರುಗಿದ ಹಾಗೇ ಇದು ತಿರುಗುತ್ತ ಸಾಗುತ್ತದೆ. ಮನುಷ್ಯರ ನಿದ್ರೆ ಕಾಯಿಲೆಗೂ ಇದಕ್ಕೂ ನಂಟಿದೆ ಎಂದು ತಿಳಿದದ್ದು ಇದಾಗಿ ಅರವತ್ತು ವರ್ಷದ ನಂತರ.

ನನಗೆ ಇಷ್ಟವಾದ ಇನ್ನೊಂದು ಹೆಸರು ಮ್ಯೂರಿಯಲ್ ರಾಬರ್ಟ್‌ಸನ್. ಸಿಹಿನೀರಿನ ಮೀನುಗಳ ರಕ್ತದ ಈ ಜೀವಿಗಳು ಜಿಗಣೆಯ ಮೂಲಕ ಹೇಗೆ ದಾಟುತ್ತವೆ ಅನ್ನುವ ಬಗ್ಗೆ ಅವರು 1911ರಲ್ಲಿ ಪ್ರಕಟಿಸಿದರು. ಆಮೇಲೆ ಉಗಾಂಡಾಕ್ಕೆ ಹೋಗಿ ನಿದ್ರೆ ಕಾಯಿಲೆಯ ಮೇಲೆ ಕೆಲಸ ಮಾಡಿದರು. ಮೀನಿನ ರಕ್ತದಲ್ಲಿ ಪಳಗಿದ ಕಣ್ಣು ಮನುಷ್ಯರ ಕಾಯಿಲೆಗೂ ನೆರವಾಯಿತು. ಮೀನಿನ ರೋಗ ಅಂದರೆ ಯಾವುದೋ ಮೂಲೆಯ ವಿಷಯ ಅಂದುಕೊಳ್ಳುವವರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಜಿಗಣೆಗೆ ಬರೋಣ. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಜಿಗಣೆ ರೋಗದ ಮೀನಿಗೆ ಕಚ್ಚಿ ರಕ್ತ ಕುಡಿಯುತ್ತದೆ. ರಕ್ತದ ಜೊತೆ ಪರಾವಲಂಬಿ ಅದರ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಸುಮ್ನೆ ಕೂರುವುದಿಲ್ಲ, ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ರೂಪ ಬದಲಿಸಿ ಮುಂದಿನ ಮೀನಿಗೆ ತಯಾರಾಗುತ್ತದೆ. ಜಿಗಣೆ ಹೊಟ್ಟೆ ತುಂಬಿದ ಮೇಲೆ ಮೀನನ್ನು ಬಿಟ್ಟು ಇಳಿಯುತ್ತದೆ. ಮತ್ತೆ ಹಸಿದಾಗ ಇನ್ನೊಂದು ಮೀನನ್ನು ಹಿಡಿಯುತ್ತದೆ. ಕಚ್ಚಿದ ಕೂಡಲೇ ಪರಾವಲಂಬಿ ಹೊಸ ರಕ್ತಕ್ಕೆ ಇಳಿಯಿತು. ಅಲ್ಲಿ ಒಂದು ಎರಡಾಗಿ ಸೀಳುತ್ತದೆ, ಎರಡು ನಾಲ್ಕಾಗುತ್ತದೆ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ನೀವು ಮೀನು ಹಿಡಿದು ನೋಡಿದಾಗ ಮೈಮೇಲೆ ಜಿಗಣೆ ಇಲ್ಲದಿರಬಹುದು. ಅದು ಉಂಡು ಇಳಿದು ಕಲ್ಲಿನ ಸಂದಿಯಲ್ಲೋ, ಗಿಡದ ಎಲೆಯ ಕೆಳಗೋ ಕೂತಿರುತ್ತದೆ. ಮೀನಿನ ಮೇಲೆ ಜಿಗಣೆ ಇಲ್ಲ ಅಂದರೆ ಕೊಳದಲ್ಲೂ ಇಲ್ಲ ಅಂತ ಅರ್ಥವಲ್ಲ. ಕಚ್ಚಿದ ಜಾಗದ ಸಣ್ಣ ಕೆಂಪು ಗಾಯ ಹುಡುಕಿ. ಆ ಗಾಯದಿಂದ ಬ್ಯಾಕ್ಟೀರಿಯಾ, ಬೂಷ್ಟು ಕೂಡ ಒಳಗೆ ನುಗ್ಗುತ್ತವೆ. ಹಾಗಾಗಿ ಎಷ್ಟೋ ಸಲ ಕಣ್ಣಿಗೆ ಕಾಣುವ ಹುಣ್ಣಿಗೆ ಚಿಕಿತ್ಸೆ ಆಗುತ್ತದೆ, ರಕ್ತದಲ್ಲಿರುವುದು ಹಾಗೇ ಉಳಿಯುತ್ತದೆ.

ಗೆಂಡೆ ಜಾತಿಯ ಮೀನುಗಳಲ್ಲಿ, ಅಂದರೆ ಕಾಮನ್ ಕಾರ್ಪ್, ಗೋಲ್ಡ್ ಫಿಶ್ ಇಂಥವುಗಳಲ್ಲಿ, ಎರಡು ಜೀವಿಗಳು ಮುಖ್ಯ. ಟ್ರಿಪನೊಸೋಮಾ ಕ್ಯಾರಾಸಿಯೈ ಮತ್ತು ಟ್ರಿಪನೊಪ್ಲಾಸ್ಮಾ ಬೊರೆಲಿ. ಹೆಸರು ಒಂದೇ ಥರ ಕೇಳಿಸಿದರೂ ಬೇರೆ ಬೇರೆ. ಮೊದಲನೆಯದಕ್ಕೆ ಒಂದು ಚಾವಟಿ, ಎರಡನೆಯದಕ್ಕೆ ಎರಡು. ಎರಡನ್ನೂ ಹೊರುವುದು ಜಿಗಣೆಯೇ. ಪಿಸಿಕೋಲಾ ಜಿಯೋಮೆಟ್ರಾ ಅನ್ನುವ ಮೀನು ಜಿಗಣೆ ಇದರಲ್ಲಿ ಕುಖ್ಯಾತ. ಟ್ರಿಪನೊಪ್ಲಾಸ್ಮಾ ಜೋರಾದಾಗ ಕಾರ್ಪ್ ಮಂಕಾಗುತ್ತದೆ, ಗುಂಪು ಬಿಟ್ಟು ದಂಡೆಯ ಹತ್ತಿರ ಸುಮ್ನೆ ನಿಲ್ಲುತ್ತದೆ. ಕಿವಿರು ಬಿಳಿಚುತ್ತದೆ. ಮರಿಗಳಲ್ಲಿ ಸಾವು ಜಾಸ್ತಿ. ಚಳಿಗಾಲ ಇರುವ ಕಡೆ ತಣ್ಣೀರಿನಲ್ಲಿ ಮೀನಿನ ರೋಗನಿರೋಧಕ ಶಕ್ತಿ ನಿಧಾನವಾಗುತ್ತದೆ. ಹಾಗಾಗಿ ಚಳಿ ಕಳೆದು ಹೊರಬಂದ ಮರಿಗಳ ಮೇಲೆ ವಿಶೇಷ ಗಮನ ಬೇಕು.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾರ್ಪ್ ಕೊಳ ನೋಡಲು ಹೋಗಿದ್ದೆ. ಮೀನು ಮಂಕು, ಕಿವಿರು ಬಿಳಿಚಿದೆ, ದಿನಕ್ಕೆ ಎಂಟು ಹತ್ತು ಸಾಯುತ್ತಿವೆ. ಕಿವಿರನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕಿವಿರು ಹುಳು ಮೂರು ನಾಲ್ಕು ಕಂಡವು. ಸಿಕ್ಕಿತು ಕಾರಣ ಅಂತ ಖುಷಿಯಾಯಿತು. ನೀರಿಗೆ ಔಷಧಿ ಹಾಕಿಸಿದೆ. ವಾರದ ಮೇಲೆ ನೋಡಿದರೆ ಕಿವಿರು ಹುಳು ಹೋಗಿದೆ, ಮೀನು ಸಾಯುವುದು ನಿಂತಿಲ್ಲ. ಔಷಧಿ ಸಾಲದಾಯಿತೇನೋ ಅಂತ ಮತ್ತೆ ಹಾಕಿಸಿದೆ. ಮೊದಲೇ ಸೊರಗಿದ್ದ ಮೀನುಗಳು ಔಷಧಿಯ ಕಾಟಕ್ಕೆ ಇನ್ನೂ ಸೊರಗಿದವು. ಆಗ ಲ್ಯಾಬಿನ ಹಿರಿಯರೊಬ್ಬರು ಒಂದೇ ಮಾತು ಕೇಳಿದರು. "ನೀರು ನೋಡಿದಿರಿ, ಕಿವಿರು ನೋಡಿದಿರಿ. ರಕ್ತ ನೋಡಿದಿರಾ?" ನೋಡಿರಲಿಲ್ಲ. ಮರುದಿನ ನೋಡಿದೆ. ಸ್ಲೈಡಿನ ತುಂಬ ಕೆಂಪು ಕಣಗಳು ತಳ್ಳಾಡುತ್ತಿದ್ದವು. ಒಂದೊಂದು ಜಾಗದಲ್ಲೂ ಯಾವುದೋ ಒಂದು ಜೀವಿ ನುಸುಳಿ ಹೋಗುತ್ತಿತ್ತು. ಆ ಎರಡು ವಾರದಲ್ಲಿ ಸತ್ತ ಮೀನುಗಳು ನನ್ನ ಅವಸರಕ್ಕೆ ಸತ್ತವು ಅಂತ ನನಗೆ ಈಗಲೂ ಅನಿಸುತ್ತದೆ. ಒಂದು ಕಾರಣ ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಿದ್ದೆ.

ಅಷ್ಟೇ ಅಲ್ಲ, ನೀರಿಗೆ ಹಾಕುವ ಔಷಧಿ ಬಹುತೇಕ ಮೀನಿನ ಹೊರಮೈ, ಕಿವಿರು ಇಷ್ಟನ್ನು ಮುಟ್ಟುತ್ತದೆ. ರಕ್ತದಲ್ಲಿ ಈಜುವ ಜೀವಿಗೆ ಅದರ ಬಿಸಿ ತಾಕುವುದೇ ಇಲ್ಲ. ಬ್ಯಾಕ್ಟೀರಿಯಾಕ್ಕೆ ಕೊಡುವ ಆಂಟಿಬಯಾಟಿಕ್ ಕೂಡ ಇವಕ್ಕೆ ನಾಟುವುದಿಲ್ಲ. ಹಣವೂ ಹೋಯಿತು, ಮೀನಿಗೆ ಹಿಂಸೆಯೂ ಆಯಿತು.

ಟ್ರೌಟ್ ಮತ್ತು ಸಾಲ್ಮನ್ ಸಾಕುವ ಕಡೆ ಇದೇ ಗುಂಪಿನ ಇನ್ನೊಂದು ಜೀವಿ ಇದೆ, ಕ್ರಿಪ್ಟೋಬಿಯಾ ಸಾಲ್ಮೊಸಿಟಿಕಾ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯದು. ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ವೂ ಮತ್ತು ಅವರ ಶಿಷ್ಯರು ಇದನ್ನು ದಶಕಗಟ್ಟಲೆ ಅಧ್ಯಯನ ಮಾಡಿದರು. ರಕ್ತದ ಪರಾವಲಂಬಿ ಮೀನಿನ ಒಳಗೆ ಏನೆಲ್ಲ ಮಾಡುತ್ತದೆ ಅನ್ನುವುದು ನಮಗೆ ಬಹಳಷ್ಟು ಗೊತ್ತಾದದ್ದು ಅವರ ಕೆಲಸದಿಂದ. ಅದರಲ್ಲಿ ಮೂರು ವಿಷಯ ಬಿಡಿಸಿ ಹೇಳುತ್ತೇನೆ. ಬೇರೆ ಮೀನು ಸಾಕುವವರಿಗೂ ಯೋಚನೆಗೆ ಹಚ್ಚುವಂಥವು ಅವು.

ಮೊದಲನೆಯದು ನಾನು ಶುರುವಿನಲ್ಲಿ ಕೇಳಿದ ಪ್ರಶ್ನೆಗೇ ಉತ್ತರ. ಸೋಂಕಿದ ಟ್ರೌಟ್ ಮತ್ತು ಆರೋಗ್ಯದ ಟ್ರೌಟ್ ಎರಡನ್ನೂ ಆಮ್ಲಜನಕ ಕಮ್ಮಿ ಇರುವ ನೀರಿಗೆ ಬಿಟ್ಟು ನೋಡಿದರು. ಸೋಂಕಿದವು ತಾಳಲಿಲ್ಲ. ಆರೋಗ್ಯದ ಮೀನು ತಡೆದುಕೊಳ್ಳುವ ಮಟ್ಟದಲ್ಲೇ ಅವು ಸತ್ತವು. ಈ ಜೀವಿ ಬಿಡುವ ಒಂದು ಕಿಣ್ವ ಕೆಂಪು ಕಣದ ಗೋಡೆ ಒಡೆಯುತ್ತದೆ. ರಕ್ತ ನೀರಾಗುತ್ತದೆ. ಹೊಟ್ಟೆ ಉಬ್ಬುತ್ತದೆ, ಕಣ್ಣುಗುಡ್ಡೆ ಹೊರಗೆ ಬರುತ್ತದೆ. ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಅದಕ್ಕೂ ಮೊದಲೇ, ಹೊರಗೆ ಏನೂ ಕಾಣದ ಹೊತ್ತಿನಲ್ಲೇ, ಮೀನಿನ ತಾಳಿಕೆ ಕುಸಿದಿರುತ್ತದೆ.

ಎರಡನೆಯದು ಲಸಿಕೆಯ ವಿಷಯ. ಸೋಂಕಿದ ಟ್ರೌಟ್‌ಗೆ ಯೆರ್ಸಿನಿಯಾ ರುಕೆರಿ ಅನ್ನುವ ಬ್ಯಾಕ್ಟೀರಿಯಾದ ಲಸಿಕೆ ಕೊಟ್ಟರು. ಆಮೇಲೆ ಅದೇ ಬ್ಯಾಕ್ಟೀರಿಯಾಕ್ಕೆ ಒಡ್ಡಿದಾಗ ಲಸಿಕೆ ಸರಿಯಾಗಿ ಕಾಯಲಿಲ್ಲ. ಪರಾವಲಂಬಿ ಮೀನಿನ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸಿತ್ತು. ನಾವು ಲಸಿಕೆ ಕೆಲಸ ಮಾಡಲಿಲ್ಲ ಅಂತ ಲಸಿಕೆಯನ್ನೇ ದೂರುತ್ತೇವೆ. ಕೊಡುವ ಮೊದಲು ಮೀನು ಆರೋಗ್ಯವಾಗಿತ್ತಾ ಅಂತ ಕೇಳಿಕೊಳ್ಳುವುದಿಲ್ಲ.

ಮೂರನೆಯದನ್ನು ಓದಿದಾಗ ನನಗೆ ಬಹಳ ಅಚ್ಚರಿಯಾಯಿತು. ಸೋಂಕಿದ ಮೀನು ಮೇವು ಬಿಡುತ್ತದೆ. ನಮಗೆ ಗಾಬರಿ. ಹೇಗಾದರೂ ತಿನ್ನಿಸಬೇಕು ಅಂತ ಒದ್ದಾಡುತ್ತೇವೆ. ಆದರೆ ಪ್ರಯೋಗದಲ್ಲಿ ಕಂಡದ್ದು ಬೇರೆ. ಕಮ್ಮಿ ತಿಂದ ಮೀನಿನಲ್ಲಿ ಪರಾವಲಂಬಿಯ ಸಂಖ್ಯೆಯೂ ಕಮ್ಮಿ, ರಕ್ತಹೀನತೆಯೂ ಕಮ್ಮಿ. ಜ್ವರ ಬಂದಾಗ ನಮಗೆ ಊಟ ಸೇರುವುದಿಲ್ಲವಲ್ಲ, ಹಾಗೆ ಮೀನಿನ ಮೈ ತನಗೆ ತಾನೇ ಪಥ್ಯ ಮಾಡುತ್ತಿದೆ. ಇದರಿಂದ ಮೀನನ್ನು ಉಪವಾಸ ಕೆಡವಿ ಅಂತ ನಾನು ಹೇಳುತ್ತಿಲ್ಲ. ಬೇಡ ಅನ್ನುವ ಮೀನಿನ ಮುಂದೆ ಮೇವು ಸುರಿಯಬೇಡಿ ಅಂತಷ್ಟೇ. ತಿನ್ನದೆ ಉಳಿದ ಮೇವು ಕೊಳೆತು, ಇರುವ ಆಮ್ಲಜನಕವನ್ನೂ ನುಂಗುತ್ತದೆ.

ವೂ ಮತ್ತು ಅವರ ಶಿಷ್ಯರೇ ಈ ಕ್ರಿಪ್ಟೋಬಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಬೆಳೆಸಿ ಅದರ ಶಕ್ತಿ ಕುಂದಿಸಿ, ಜೀವಂತ ಲಸಿಕೆ ಮಾಡಿ ತೋರಿಸಿದರು. ಒಂದೇ ಚುಚ್ಚುಮದ್ದು ಮೀನನ್ನು ದೀರ್ಘಕಾಲ ಕಾಯಿತು. ರಕ್ತದ ಒಂಟಿಕೋಶ ಪರಾವಲಂಬಿಗೆ ಲಸಿಕೆ ಸಾಧ್ಯ ಅನ್ನುವುದೇ ದೊಡ್ಡ ವಿಷಯ. ಗೋಲ್ಡ್ ಫಿಶ್‌ನಲ್ಲೂ ಅಷ್ಟೇ, ಟ್ರಿಪನೊಸೋಮಾದಿಂದ ಒಮ್ಮೆ ಚೇತರಿಸಿಕೊಂಡ ಮೀನು ಮತ್ತೆ ಸೋಂಕು ತಗಲದಂತೆ ತಡೆಯುತ್ತದೆ. ಆಫ್ರಿಕಾದ ಟ್ರಿಪನೊಸೋಮಾ ತನ್ನ ಮೇಲಂಗಿಯನ್ನು ಮತ್ತೆ ಮತ್ತೆ ಬದಲಿಸಿ ಮನುಷ್ಯನ ದೇಹಕ್ಕೆ ಮೋಸ ಮಾಡುತ್ತದೆ. ಮೀನಿನ ಟ್ರಿಪನೊಸೋಮಾ ಕ್ಯಾರಾಸಿಯೈ ಹಾಗೆ ಅಂಗಿ ಬದಲಿಸುವುದಿಲ್ಲ. ಮೀನಿಗೆ ಅದನ್ನು ಗುರುತು ಹಿಡಿಯುವ ಅವಕಾಶ ಇದೆ.

ಈಗ ಚಪ್ಪಟೆ ಹುಳು. ಇದನ್ನು ಅರ್ಥ ಮಾಡಿಕೊಳ್ಳಲು ಮೀನಿನ ಹೃದಯ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಿ. ಕಿವಿರಿನ ಪಕ್ಕದಲ್ಲೇ. ನಮ್ಮ ಹಾಗೆ ಎರಡು ಸುತ್ತಿನ ರಕ್ತಸಂಚಾರ ಅದಕ್ಕಿಲ್ಲ. ಹೃದಯದಿಂದ ಹೊರಟ ರಕ್ತ ನೇರ ಕಿವಿರಿಗೆ ಹೋಗುತ್ತದೆ, ಅಲ್ಲಿಂದ ಮೈಗೆಲ್ಲ. ಈಗ ಹೃದಯದಲ್ಲೋ ಅದರ ಪಕ್ಕದ ದೊಡ್ಡ ನಾಳದಲ್ಲೋ ಒಂದು ಹುಳು ಕೂತು ಮೊಟ್ಟೆ ಇಟ್ಟರೆ ಆ ಮೊಟ್ಟೆ ಎಲ್ಲಿಗೆ ಹೋಗುತ್ತದೆ? ಕಿವಿರಿನ ಕೂದಲೆಳೆಯಂಥ ನಾಳಗಳಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಉಸಿರಾಡುವ ಜಾಗದಲ್ಲೇ ಅಡ್ಡಗಟ್ಟು.

ಹುಳುವಿಗೆ ಅದೇ ಬೇಕಾಗಿರುವುದು. ಕಿವಿರು ನೀರಿಗೆ ತೀರಾ ಹತ್ತಿರ. ಮೊಟ್ಟೆಯೊಳಗಿನ ಮರಿ ಬಲಿತು, ಕಿವಿರಿನ ತೆಳ್ಳನೆಯ ಪೊರೆ ಹರಿದುಕೊಂಡು ನೀರಿಗೆ ಜಿಗಿಯುತ್ತದೆ. ಒಂದೆರಡಾದರೆ ಮೀನಿಗೆ ಲೆಕ್ಕವಿಲ್ಲ. ನೂರಾರು ಮರಿಗಳು ಹರಿದುಕೊಂಡು ಹೊರಟರೆ ಕಿವಿರಿನಿಂದ ರಕ್ತ ಸೋರುತ್ತದೆ. ಕಾರ್ಪ್ ಮರಿಗಳಲ್ಲಿ ಸ್ಯಾಂಗ್ವಿನಿಕೋಲಾ ಇನರ್ಮಿಸ್ ಮಾಡುವ ಕೆಲಸ ಇದೇ. ಹುಳು ಸುಮಾರು ಒಂದು ಮಿಲಿಮೀಟರ್ ಉದ್ದ. ಬರಿಗಣ್ಣಿಗೆ ಬಿದ್ದರೂ ಗೊತ್ತಾಗುವುದಿಲ್ಲ. ಕೆಲವು ಮೊಟ್ಟೆಗಳು ಕಿವಿರು ದಾಟಿ ಮೂತ್ರಪಿಂಡ ಸೇರಿ ಅಲ್ಲೇ ಉಳಿದು ಗಂಟು ಕಟ್ಟುತ್ತವೆ.

ನೀರಿಗೆ ಬಂದ ಮರಿ ಇನ್ನೊಂದು ಮೀನಿಗೆ ನೇರವಾಗಿ ಹೋಗಲಾರದು. ಮೊದಲು ಬಸವನಹುಳುವಿನೊಳಗೆ ಹೋಗಬೇಕು. ಅಲ್ಲಿ ಒಂದು ಹಲವಾಗಿ, ಬಾಲ ಸೀಳಿದ ಈಜುಮರಿಗಳಾಗಿ ಹೊರಬಂದು ಕಾರ್ಪ್‌ನ ಚರ್ಮ ಕೊರೆದು ಒಳಗೆ ಹೋಗುತ್ತವೆ. ಬಸವನಹುಳು ಇಲ್ಲ ಅಂದರೆ ಆ ಸರಪಳಿ ಅಲ್ಲೇ ತುಂಡು.

ಸಮುದ್ರದಲ್ಲಿ ಬಸವನಹುಳುವಿನ ಜಾಗದಲ್ಲಿ ಬೇರೆ ಜೀವಿ ಇರಬಹುದು. ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್ ಹತ್ತಿರ ಸದರ್ನ್ ಬ್ಲೂಫಿನ್ ಟ್ಯೂನಾವನ್ನು ಸಮುದ್ರದಲ್ಲಿ ಹಿಡಿದು, ಬಲೆಪಂಜರಗಳಲ್ಲಿ ಬಿಟ್ಟು ಕೊಬ್ಬಿಸುತ್ತಾರೆ. ಆ ಟ್ಯೂನಾಗಳ ಹೃದಯದಲ್ಲಿ ಕಾರ್ಡಿಕೋಲಾ ಫೋರ್ಸ್ಟೆರಿ ಅನ್ನುವ ರಕ್ತದ ಹುಳು ಸಿಕ್ಕಿತು. 2000ನೇ ಇಸವಿಯಲ್ಲಿ ಅದಕ್ಕೆ ಹೆಸರಿಟ್ಟರು. ಪಂಜರಕ್ಕೆ ಬಂದ ಕೆಲವು ವಾರಗಳ ನಂತರ ಮೀನು ಸಾಯುತ್ತಿದ್ದವು. ಟ್ಯೂನಾ ಅಂದರೆ ಒಂದು ಕ್ಷಣವೂ ಈಜು ನಿಲ್ಲಿಸದ ಮೀನು, ಅದರ ಆಮ್ಲಜನಕದ ಹಸಿವು ದೊಡ್ಡದು. ಅದರ ಕಿವಿರಿನಲ್ಲಿ ಮೊಟ್ಟೆಗಳ ಅಡ್ಡಗಟ್ಟು ಅಂದರೆ ಏನಾಗಬಹುದು ಯೋಚಿಸಿ. ಹುಳುವಿನ ಮರಿ ಬೆಳೆಯುವುದು ಎಲ್ಲಿ ಅಂತ ಹುಡುಕಿ ಹುಡುಕಿ, ಕೊನೆಗೆ ಸಮುದ್ರದ ತಳದಲ್ಲಿ ಬದುಕುವ ಒಂದು ಬಗೆಯ ಬಿರುಗೂದಲಿನ ಹುಳದಲ್ಲಿ ಪತ್ತೆ ಮಾಡಿದರು. ಜಪಾನಿನಲ್ಲಿ ಇದರ ಹತ್ತಿರದ ನೆಂಟ ಕಾರ್ಡಿಕೋಲಾ ಓರಿಯೆಂಟಾಲಿಸ್‌ನ ಮರಿಗಳು ಸಿಕ್ಕಿದ್ದು ಇನ್ನೂ ಹತ್ತಿರದಲ್ಲಿ. ಪಂಜರದ ತೇಲುಗುಂಡು, ಹಗ್ಗಗಳಿಗೇ ಅಂಟಿ ಬೆಳೆದಿದ್ದ ಅಂಥದ್ದೇ ಹುಳಗಳಲ್ಲಿ. ಅಂದರೆ ಸಾಕುವವರೇ ಗೊತ್ತಿಲ್ಲದೆ ಅದಕ್ಕೆ ಮನೆ ಕಟ್ಟಿಕೊಟ್ಟಿದ್ದರು.

ಈ ಹುಳುವಿಗೆ ಪ್ರಾಜಿಕ್ವಾಂಟೆಲ್ ಅನ್ನುವ ಔಷಧಿ ಇದೆ, ಮೇವಿನಲ್ಲಿ ಸೇರಿಸಿ ಕೊಡುತ್ತಾರೆ, ಕೆಲಸ ಮಾಡುತ್ತದೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಪ್ರಯೋಗ. ಆಸ್ಟ್ರೇಲಿಯಾದಲ್ಲಿ ಕೆಲವು ಪಂಜರಗಳನ್ನು ದಡದಿಂದ ಇನ್ನಷ್ಟು ದೂರ, ಆಳದ ನೀರಿಗೆ ಎಳೆದುಕೊಂಡು ಹೋಗಿ ನಿಲ್ಲಿಸಿದರು. ಅಲ್ಲಿನ ಮೀನುಗಳಲ್ಲಿ ರಕ್ತದ ಹುಳು ಕಾಣಲಿಲ್ಲ, ಬದುಕುಳಿದದ್ದೂ ಜಾಸ್ತಿ. ಮೀನನ್ನು ಹುಳುವಿನ ಮರಿಗಳು ಬರುವ ಜಾಗದಿಂದ ದೂರ ಮಾಡಿದ್ದರು, ಅಷ್ಟೇ. 2011ರಲ್ಲಿ ಇದು ಪ್ರಕಟವಾಯಿತು.

ಜಿಗಣೆಯ ಕಥೆಗೂ ಟ್ಯೂನಾದ ಕಥೆಗೂ ನಡುವೆ ಇರುವ ನಂಟು ಈಗ ಕಂಡಿತಲ್ಲ? ರಕ್ತದ ಪರಾವಲಂಬಿ ಒಂದು ಮೀನಿನ ರಕ್ತದಿಂದ ಇನ್ನೊಂದರ ರಕ್ತಕ್ಕೆ ಹೋಗಲು ಯಾರಾದರೂ ನಡುವೆ ಬೇಕು. ಜಿಗಣೆ, ಬಸವನಹುಳು, ಬಿರುಗೂದಲ ಹುಳ, ಯಾರಾದರೂ ಸರಿ. ಆ ನಡುವಿನವರನ್ನು ಹಿಡಿಯುವುದು ನಮ್ಮ ಕೈಯಲ್ಲಿದೆ. ಮೀನಿನ ರಕ್ತದೊಳಗೆ ಹೋಗಿ ಹಿಡಿಯುವುದಕ್ಕಿಂತ ಅದು ಎಷ್ಟೋ ಸುಲಭ.

ಇದಕ್ಕೆ ಒಂದು ಅಪವಾದ ಇದೆ, ಮುಚ್ಚಿಡಬಾರದು. ಕ್ರಿಪ್ಟೋಬಿಯಾ ಜೋರಾದಾಗ ಮೀನಿನ ಮೈಯ ಲೋಳೆಗೂ ಬರುತ್ತದೆ. ಆಗ ಜಿಗಣೆ ಇಲ್ಲದೆಯೇ ಪಕ್ಕದ ಮೀನಿಗೆ ದಾಟಬಲ್ಲದು. ಸೋಂಕಿದ ಮೀನು ಮತ್ತು ಆರೋಗ್ಯದ ಮೀನನ್ನು ಒಂದೇ ಕೈಬಲೆಯಲ್ಲಿ ಸ್ವಲ್ಪ ಹೊತ್ತು ಒಟ್ಟಿಗೆ ಹಿಡಿದರೂ ದಾಟಿದ್ದು ಲ್ಯಾಬಿನಲ್ಲಿ ಕಂಡಿದೆ. ಅದಕ್ಕೆ ನಾನು ಒಂದು ಕೊಳಕ್ಕೆ ಒಂದು ಬಲೆ ಅಂತ ಪದೇ ಪದೇ ಹೇಳುವುದು. ಹಸಿ ಬಲೆಯನ್ನು ಕೊಳದಿಂದ ಕೊಳಕ್ಕೆ ಒಯ್ಯಬೇಡಿ. ಅದರ ಮಡಿಕೆಯಲ್ಲಿ ಜಿಗಣೆ ಕೂತು ಬರುತ್ತದೆ. ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸಿ.

ಜಿಗಣೆ ಹಿಡಿಯುವುದು ಹೇಗೆ? ಇಲ್ಲಿ ತಾಳ್ಮೆ ಬೇಕು. ಉಪ್ಪುನೀರಿನಲ್ಲಿ ಅದ್ದಿದರೆ ಮೀನಿನ ಮೈಮೇಲಿನ ಜಿಗಣೆ ಉದುರುತ್ತದೆ ಅನ್ನುವುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಉದುರುತ್ತದೆ, ನಿಜ. ಎಲ್ಲ ಮೀನೂ ಒಂದೇ ಅಳತೆಯ ಉಪ್ಪು ತಡೆಯುವುದಿಲ್ಲ, ಮೊದಲು ನಾಲ್ಕಾರು ಮೀನಿನ ಮೇಲೆ ನೋಡಿ. ಆದರೆ ಉದುರಿದ ಜಿಗಣೆಯ ಮೊಟ್ಟೆಗೂಡುಗಳು ಕೊಳದಲ್ಲೇ ಇವೆ. ಕಲ್ಲಿಗೆ, ಸಿಮೆಂಟ್ ಗೋಡೆಗೆ, ಗಿಡದ ಎಲೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಗೂಡಿನ ಚಿಪ್ಪು ಬಲವಾದದ್ದು, ನೀರಿಗೆ ಹಾಕಿದ ಔಷಧಿಗೆ ಜಗ್ಗುವುದಿಲ್ಲ. ಹಾಗಾಗಿ ಇವತ್ತು ಜಿಗಣೆ ಕೊಂದು, ಒಂದು ತಿಂಗಳ ಮೇಲೆ ಮತ್ತೆ ಬಂತಲ್ಲ ಅಂತ ಬೇಸರಪಡುತ್ತೇವೆ.

ಮೀನು ತೆಗೆದ ಮೇಲೆ ಕೊಳದ ನೀರು ಪೂರ್ತಿ ಬಸಿದು, ತಳ ಬಿರುಕು ಬಿಡುವ ತನಕ ಒಣಗಿಸಿ. ಒದ್ದೆ ಉಳಿದ ಗುಂಡಿಗಳಿಗೆ ಸುಣ್ಣ ಹಾಕಿ, ಜಿಗಣೆ ಹೋಗಿ ಅಡಗುವುದು ಅಲ್ಲಿಗೇ. ಅಂಚಿನ ಗಿಡಗಂಟಿ, ಬೇಡದ ಕಲ್ಲು ತೆಗೆಯಿರಿ. ಇದೇ ಕೆಲಸ ಬಸವನಹುಳುವಿಗೂ ಆಗುತ್ತದೆ. ನೀರು ಒಳಬರುವ ಕಡೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಕಾಡು ಮೀನು ಒಳಗೆ ಬರದಂತೆ ನೋಡಿ. ಕಾಡು ಮೀನಿನ ರಕ್ತದಲ್ಲಿ ಇವು ಸದ್ದಿಲ್ಲದೆ ಇರುತ್ತವೆ, ಅವಕ್ಕೆ ತೊಂದರೆ ಕೊಡದೆಯೂ ಇರಬಹುದು. ನಮ್ಮ ಕೊಳದಲ್ಲಿ ಮೀನು ಒತ್ತೊತ್ತಾಗಿವೆ. ಒಂದು ಜಿಗಣೆಗೆ ಇಡೀ ಸಂತೆಯೇ ಸಿಕ್ಕಿದ ಹಾಗೆ.

ಬಸವನಹುಳು ತಿನ್ನಲು ಬ್ಲ್ಯಾಕ್ ಕಾರ್ಪ್ ಬಿಡಬಹುದಾ ಅಂತ ಕೆಲವರು ಕೇಳುತ್ತಾರೆ. ಅದು ಬಸವನಹುಳುವನ್ನು ಚೆನ್ನಾಗಿ ತಿನ್ನುತ್ತದೆ, ಸಂಶಯವಿಲ್ಲ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಅದನ್ನು ಸಾಕಣೆ ಕೊಳಗಳಿಗೆ ಬಿಟ್ಟಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಮಿಸಿಸಿಪ್ಪಿ ನದಿಯ ಜಾಲ ಸೇರಿತು. ಈಗ ಅಲ್ಲಿನ ಅಪರೂಪದ ಚಿಪ್ಪುಜೀವಿಗಳಿಗೆ ಅದೇ ಕಂಟಕ. ನಿಮ್ಮ ನದಿಯಲ್ಲಿ ಮೊದಲೇ ಇರುವ ಮೀನು ಅಲ್ಲದಿದ್ದರೆ ಆ ದಾರಿ ಹಿಡಿಯಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊಸ ಮರಿ ತಂದಾಗ ನೇರ ಕೊಳಕ್ಕೆ ಸುರಿಯಬೇಡಿ. ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡಿ. ಆ ಹೊತ್ತಿನಲ್ಲಿ ನಾಲ್ಕೈದು ಮೀನಿನ ರಕ್ತ ನೋಡಿಸಿ. ಇದು ಕಷ್ಟದ ಪರೀಕ್ಷೆ ಅಲ್ಲ. ಮೀನನ್ನು ಲವಂಗದ ಎಣ್ಣೆ ಅಥವಾ ಬೇರೆ ಅರಿವಳಿಕೆಯಿಂದ ಶಾಂತಗೊಳಿಸುತ್ತಾರೆ. ಬಾಲದ ಬುಡದ ಕೆಳಭಾಗದಿಂದ, ಬೆನ್ನುಮೂಳೆಯ ಕೆಳಗೆ ಹರಿಯುವ ನಾಳದಿಂದ, ಸ್ವಲ್ಪ ರಕ್ತ ತೆಗೆಯುತ್ತಾರೆ. ಒಂದು ಹನಿ ಸ್ಲೈಡಿನ ಮೇಲೆ. ಮೇಲೆ ಗಾಜಿನ ತೆಳು ಮುಚ್ಚಳ. ನೇರ ನೋಡುವುದು. ಒಂದು ಶರತ್ತು ಏನೆಂದರೆ ಮೀನು ಜೀವಂತ ಇರಬೇಕು. ಸತ್ತು ಬಿದ್ದ ಮೀನನ್ನು ಐಸ್‌ನಲ್ಲಿಟ್ಟು ಲ್ಯಾಬಿಗೆ ತರುತ್ತಾರೆ. ಅಷ್ಟು ಹೊತ್ತಿಗೆ ಇವು ಕರಗಿ ಹೋಗಿರುತ್ತವೆ, ಏನೂ ಕಾಣುವುದಿಲ್ಲ. ಬಾಯಿ ಬಿಡುತ್ತಿರುವ ಆ ಐವತ್ತರಲ್ಲಿ ನಾಲ್ಕನ್ನು ಹಿಡಿದು ಜೀವಂತ ತನ್ನಿ.

ಸೋಂಕು ಕಮ್ಮಿ ಇದ್ದರೆ ಒಂದು ಹನಿಯಲ್ಲಿ ಸಿಗದೇ ಹೋಗಬಹುದು. ಅದಕ್ಕೆ ರಕ್ತವನ್ನು ಕೂದಲಿನಂಥ ಗಾಜಿನ ಕೊಳವೆಗೆ ತುಂಬಿ ಸೆಂಟ್ರಿಫ್ಯೂಜ್‌ನಲ್ಲಿ ಗಿರ್ರನೆ ತಿರುಗಿಸುತ್ತಾರೆ. ಕೆಂಪು ಕಣ ಕೆಳಗೆ ಕೂರುತ್ತದೆ, ಮೇಲೆ ತಿಳಿ, ನಡುವೆ ತೆಳ್ಳನೆಯ ಬಿಳಿ ಗೆರೆ. ಪರಾವಲಂಬಿಗಳು ಆ ಗೆರೆಯ ಹತ್ತಿರವೇ ಬಂದು ಸೇರುತ್ತವೆ. ಕೊಳವೆಯನ್ನೇ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಅಲ್ಲಿ ಚಲನೆ ಕಾಣುತ್ತದೆ. ಈ ಉಪಾಯ ಮಾಡಿದ್ದೂ ಆಗ ಹೇಳಿದ ಪ್ಯಾಟ್ರಿಕ್ ವೂ ಅವರೇ. ಆಫ್ರಿಕಾದ ನಿದ್ರೆ ಕಾಯಿಲೆ ಪತ್ತೆಗೂ ಅದು ಬಳಕೆಗೆ ಬಂತು. ಇನ್ನೊಂದು ಲಾಭ, ಕೆಂಪು ಕಣ ಕೊಳವೆಯ ಎಷ್ಟು ಭಾಗ ತುಂಬಿದೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಆರೋಗ್ಯದ ಕಾರ್ಪ್‌ನಲ್ಲಿ ಮೂರನೇ ಒಂದು ಭಾಗದ ಆಸುಪಾಸು ಇರುತ್ತದೆ. ಹತ್ತನೇ ಒಂದಕ್ಕೆ ಇಳಿದಿದ್ದರೆ ಮೀನು ಜೀವದ ಅಂಚಿನಲ್ಲಿದೆ ಅಂತ ತಿಳಿಯಿರಿ.

ರಕ್ತ ತೆಗೆಯುವಾಗ ಬಣ್ಣವನ್ನೂ ನೋಡಿ. ನೀರಾಗಿದ್ದರೆ ರಕ್ತಹೀನತೆ. ಚಾಕೊಲೇಟ್ ಬಣ್ಣ ಇದ್ದರೆ ಅದು ಪರಾವಲಂಬಿಯಲ್ಲ, ನೀರಿನಲ್ಲಿ ನೈಟ್ರೈಟ್ ಜಾಸ್ತಿಯಾಗಿದೆ. ಆಗಲೂ ಮೀನು ಬೆಳಗಿನ ಜಾವ ಬಾಯಿ ಬಿಡುತ್ತದೆ. ಹೊರಗಿನಿಂದ ಎರಡೂ ಒಂದೇ ಥರ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ. ಇಂಥ ಮೀನು ತಿಂದರೆ ಮನುಷ್ಯರಿಗೆ ಬರುತ್ತದಾ? ನಾನು ಹೇಳಿದ ಈ ಪರಾವಲಂಬಿಗಳು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಮೇವಿನಲ್ಲಿ ಔಷಧಿ ಕೊಟ್ಟಿದ್ದರೆ, ಅದು ಮೀನಿನ ಮೈಯಿಂದ ಹೋಗುವ ತನಕ ಮಾರಬಾರದು. ಇನ್ನೊಬ್ಬರು ಕೇಳಿದ್ದಾರೆ, ಟ್ರಿಪನೊಸೋಮಾಕ್ಕೆ ಔಷಧಿ ಇಲ್ಲವೇ ಇಲ್ಲವಾ ಅಂತ. ದನಗಳ ಟ್ರಿಪನೊಸೋಮಾಕ್ಕೆ ಬಳಸುವ ಐಸೊಮೆಟಾಮಿಡಿಯಂ ಅನ್ನುವ ಔಷಧಿಯನ್ನು ಸಾಲ್ಮನ್ ಜಾತಿಯ ಮೀನುಗಳಲ್ಲಿ ಕ್ರಿಪ್ಟೋಬಿಯಾಕ್ಕೆ ಪ್ರಯೋಗಿಸಿದ್ದಾರೆ, ಗುಣವೂ ಕಂಡಿದೆ. ಒಂದೊಂದೇ ಮೀನಿಗೆ ಚುಚ್ಚುವ ಔಷಧಿ ಅದು. ಸಾವಿರಾರು ಮರಿಗಳ ಕೊಳಕ್ಕೆ ಹೊಂದುವ ಮಾತಲ್ಲ. ತಳಿ ಮೀನು ಹತ್ತಿಪ್ಪತ್ತು ಇದ್ದು, ಅವು ಬಹಳ ಬೆಲೆಯವಾದರೆ, ಮೀನಿನ ವೈದ್ಯರ ಜೊತೆ ಕೂತು ಯೋಚಿಸಬಹುದು.

ಆಚೆ ಮೇಜಿನ ಮೇಲೆ ಎರಡು ಮೈಕ್ರೋಸ್ಕೋಪ್ ಇಟ್ಟಿದ್ದೇನೆ. ಎಡಗಡೆಯದು ಆರೋಗ್ಯದ ಕಾರ್ಪ್‌ನ ರಕ್ತ, ಬಲಗಡೆಯದು ಸೋಂಕಿದ್ದು. ಕಣಗಳು ಎದ್ದು ಕಾಣಲಿ ಅಂತ ಎರಡಕ್ಕೂ ಗೀಮ್ಸಾ ಅನ್ನುವ ಬಣ್ಣ ಹಾಕಿದೆ. ಮೊದಲು ಎಡಗಡೆ ನೋಡಿ. ಮೀನಿನ ಕೆಂಪು ಕಣ ನಮ್ಮದರ ಹಾಗೆ ದುಂಡಗಿಲ್ಲ, ಮೊಟ್ಟೆಯಾಕಾರ, ನಡುವೆ ನೇರಳೆ ಬಣ್ಣದ ಕೋಶಕೇಂದ್ರ. ಆ ರೂಪ ಕಣ್ಣಿಗೆ ಚೆನ್ನಾಗಿ ಕೂರಲಿ. ಆಮೇಲೆ ಬಲಗಡೆ ಬನ್ನಿ. ಕಣಗಳ ನಡುವಿನ ಖಾಲಿ ಜಾಗದಲ್ಲಿ, ಕಣಕ್ಕಿಂತ ಎರಡು ಮೂರು ಪಟ್ಟು ಉದ್ದವಾಗಿ, ರಿಬ್ಬನ್ ತಿರುಚಿ ಬಿಟ್ಟ ಹಾಗೆ ಒಂದು ಕಾಣುತ್ತದೆ. ಒಂದು ತುದಿಯಲ್ಲಿ ಸಣ್ಣ ಕಡು ಚುಕ್ಕೆ, ಇನ್ನೊಂದು ತುದಿಯಲ್ಲಿ ಎಳೆಯಾಗಿ ಹೊರಟ ಚಾವಟಿ. ಅವಸರ ಬೇಡ, ಒಬ್ಬೊಬ್ಬರಾಗಿ ನೋಡಿ. ಫೋಕಸ್ ತಪ್ಪಿದರೆ ನನ್ನನ್ನು ಕರೆಯಿರಿ, ಪಕ್ಕದಲ್ಲೇ ಇರುತ್ತೇನೆ.